ಕಾಲೇಜು ಸೇರಿದ ರೈತ ಮಕ್ಕಳು ಮತ್ತು ಮನೆಯ ಪಾತ್ರ



ಒಟ್ಲಿನಿಂದ ಕಿತ್ತ ಭತ್ತದ ಪೈರನ್ನು ನಾಟಿ ಮಾಡಿದ ಎರಡು ಮೂರು ದಿನಗಳಲ್ಲಿ ಗದ್ದೆಯ ಬದುವಿನ ಮೇಲೆ ನಿಂತು ನೀವು ನೋಡಿರುತ್ತೀರಿ. ಒಟ್ಲಿನಲ್ಲಿ ಹಚ್ಚಹಸಿರಾಗಿದ್ದ ಪೈರು ಗದ್ದೆಯಲ್ಲಿ ಹಳದಿಗೆ ತಿರುಗಿ, ಬಾಡಿದಂತೆ ತಲೆಬಾಗಿ ನಿಂತಿರುತ್ತದೆ. ಅನುಭವವಿರುವ ರೈತ ಅದನ್ನು ಕಂಡು ಗಾಬರಿಯಾಗುವುದಿಲ್ಲ. ಕೀಳುವಾಗ ಬೇರು ಹರಿದಿದೆ, ಹೊಸ ಬೇರು ಹಿಡಿಯಲು ಒಂದು ವಾರ ಹತ್ತು ದಿನ ಬೇಕು ಎಂಬುದು ಅವನಿಗೆ ಗೊತ್ತು. ಆ ದಿನಗಳಲ್ಲಿ ಅವನು ತೆಳುವಾಗಿ ನೀರು ನಿಲ್ಲಿಸಿ ಕಾಯುತ್ತಾನೆ. ಪೈರನ್ನು ಕಿತ್ತು ಮತ್ತೆ ಒಟ್ಲಿಗೆ ತರುವುದಿಲ್ಲ. ಹಾಗೆಂದು ನಾಟಿ ಆಯಿತಲ್ಲ ಎಂದು ಗದ್ದೆಯ ಕಡೆ ತಲೆಹಾಕದೆ ಇರುವುದೂ ಇಲ್ಲ.

ಮನೆ ಬಿಟ್ಟು ಕಾಲೇಜಿಗೆ ಹೋದ ಮಗನ ಅಥವಾ ಮಗಳ ಮೊದಲ ತಿಂಗಳುಗಳೂ ಹೀಗೆಯೇ. ಆದರೆ ಪೈರಿನ ವಿಷಯದಲ್ಲಿ ನಮಗಿರುವ ತಿಳಿವಳಿಕೆ ಮಕ್ಕಳ ವಿಷಯದಲ್ಲಿ ಇರುವುದಿಲ್ಲ. ಶುಲ್ಕ ಕಟ್ಟಿದೆವು, ಹಾಸ್ಟೆಲ್ಲಿಗೆ ಸೇರಿಸಿದೆವು, ಇನ್ನು ಓದುವುದು ಅವರ ಕೆಲಸ ಎಂದು ನಾವು ಸುಮ್ಮನಾಗುತ್ತೇವೆ. ಹೊಸ ನೆಲದಲ್ಲಿ ಮಗು ಬೇರು ಹಿಡಿಯಲು ಮನೆಯ ಸಂಸ್ಕಾರ ಹೇಗೆ ನೆರವಾಗುತ್ತದೆ, ಅದೇ ಸಂಸ್ಕಾರ ಕೆಲವೊಮ್ಮೆ ಹೇಗೆ ಹೊರೆಯಾಗುತ್ತದೆ, ಮನೆಯವರು ಏನು ಮಾಡಬಹುದು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಮಿರ್ಲೆ ಕಡೆಯ ಒಂದು ಮನೆ

ಮೊದಲು ಕೃಷ್ಣರಾಜನಗರ ತಾಲ್ಲೂಕಿನಲ್ಲಿದ್ದು ಈಗ ಸಾಲಿಗ್ರಾಮ ತಾಲ್ಲೂಕಿಗೆ ಸೇರಿರುವ ಮಿರ್ಲೆ ಕಡೆಯ ಒಂದು ಮನೆಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಿ. ಎರಡು ಎಕರೆ ನಾಲೆ ಬಯಲಿನ ಗದ್ದೆ, ಎರಡು ಹಸು. ತಂದೆ ಏಳನೆಯ ತರಗತಿಯವರೆಗೆ ಓದಿದವರು. ತಾಯಿ ಸ್ವಸಹಾಯ ಸಂಘದ ಪುಸ್ತಕಕ್ಕೆ ರುಜು ಹಾಕುವಷ್ಟು ಅಕ್ಷರ ಬಲ್ಲವರು. ಮಗ ಕನ್ನಡ ಮಾಧ್ಯಮದಲ್ಲಿ ಹೈಸ್ಕೂಲು ಓದಿ, ಕೃಷ್ಣರಾಜನಗರದಲ್ಲಿ ಪಿ.ಯು.ಸಿ. ಮುಗಿಸಿ, ಮೈಸೂರಿನಲ್ಲಿ ವಿಜ್ಞಾನ ಪದವಿಗೆ ಸೇರಿದ್ದಾನೆ. ಆ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಇವನೇ ಮೊದಲಿಗ.

ಊರಿಂದ ಮೈಸೂರಿಗೆ ಬಸ್ಸಿನಲ್ಲಿ ಹೆಚ್ಚೆಂದರೆ ಎರಡು ಗಂಟೆಯ ದಾರಿ. ಆದರೆ ಬದುಕಿನ ರೀತಿಯಲ್ಲಿ ಅದು ಬಹಳ ದೂರ. ಪಾಠವೆಲ್ಲ ಇಂಗ್ಲಿಷಿನಲ್ಲಿ. ಹೈಸ್ಕೂಲಿನಲ್ಲಿ 'ದ್ಯುತಿಸಂಶ್ಲೇಷಣೆ' ಎಂದು ಕಲಿತದ್ದು ಇಲ್ಲಿ ಬೇರೆಯೇ ಹೆಸರಿನಲ್ಲಿ ಬರುತ್ತದೆ. ವಿಷಯ ಗೊತ್ತಿದ್ದರೂ ಹೆಸರು ಗೊತ್ತಿಲ್ಲದ ಕಾರಣ ಏನೂ ಗೊತ್ತಿಲ್ಲದವನಂತೆ ಕುಳಿತುಕೊಳ್ಳಬೇಕು. ಪಕ್ಕದಲ್ಲಿ ಕುಳಿತವನು ಪೇಟೆಯ ಹುಡುಗ. ಅವನು ಲೆಕ್ಚರರನ್ನು ಎದ್ದು ನಿಂತು ಪ್ರಶ್ನೆ ಕೇಳುತ್ತಾನೆ. ಹಾಸ್ಟೆಲ್ಲಿನಲ್ಲಿ ಮುದ್ದೆಯ ಬದಲು ಅನ್ನ, ಮನೆಯ ಜನದ ಬದಲು ಮೂವರು ಅಪರಿಚಿತರು. ಸಂಜೆಯಾದರೆ ಕೊಟ್ಟಿಗೆ ಕೆಲಸವಿಲ್ಲ, ಹಾಲು ಡೇರಿಗೆ ಹಾಕುವುದಿಲ್ಲ. ಹೊತ್ತು ಹೋಗುವುದೇ ಕಷ್ಟ.

ಭಾನುವಾರ ಅಪ್ಪ ಫೋನು ಮಾಡುತ್ತಾರೆ.

"ಊಟ ಆಯ್ತೇನಪ್ಪ?"

"ಹೂಂ ಅಪ್ಪ."

"ಚೆನ್ನಾಗಿ ಓದ್ತಾ ಇದ್ದೀಯಾ?"

"ಹೂಂ ಅಪ್ಪ."

"ಸರಿ, ದುಡ್ಡು ಬೇಕಾದ್ರೆ ಕೇಳು."

"ಬೇಡ ಅಪ್ಪ, ಇದೆ."

ಮಾತು ಮುಗಿಯಿತು. ಮಗನ ಕೈಯಲ್ಲಿ ದುಡ್ಡಿಲ್ಲ, ಎರಡು ವಿಷಯಗಳು ಒಂದಿಷ್ಟೂ ತಲೆಗೆ ಹತ್ತುತ್ತಿಲ್ಲ. ಮೊದಲ ಸೆಮಿಸ್ಟರಿನಲ್ಲಿ ಆ ಎರಡರಲ್ಲೂ ನಪಾಸಾಗುತ್ತಾನೆ. ಮನೆಗೆ ಹೇಳುವುದಿಲ್ಲ. ಕೊಯ್ಲಿನ ಹೊತ್ತಿಗೆ ಊರಿಗೆ ಬಂದವನು ಮತ್ತೆ ಹಿಂತಿರುಗಿ ಹೋಗುವುದಿಲ್ಲ. ಕೇಳಿದರೆ, "ಅಪ್ಪನಿಗೆ ಆಳು ಸಿಗ್ತಾ ಇಲ್ಲ, ಅದಕ್ಕೆ ಇದ್ದುಬಿಟ್ಟೆ" ಎನ್ನುತ್ತಾನೆ. ಊರಿನವರು, "ನೋಡಿ, ಎಂಥ ಒಳ್ಳೆ ಮಗ, ತಂದೆಯ ಕಷ್ಟ ಅರಿತವನು" ಎಂದು ಹೊಗಳುತ್ತಾರೆ. ತಂದೆಗೂ ಒಳಗೊಳಗೆ ಸಮಾಧಾನವೇ. ಓದು ನಿಂತುದಕ್ಕೆ ನಿಜವಾದ ಕಾರಣ ಏನೆಂದು ಯಾರೂ ಕೇಳುವುದಿಲ್ಲ.

ಇಲ್ಲಿ ಒಂದು ವಿಷಯವನ್ನು ಗಮನಿಸಿ. ಈ ಹುಡುಗ ಕೆಟ್ಟು ಓದು ಬಿಟ್ಟವನಲ್ಲ. ಮನೆಯಲ್ಲಿ ಕಲಿತ ಒಳ್ಳೆಯ ಗುಣಗಳಾದ ಹಿರಿಯರಿಗೆ ಎದುರಾಡದಿರುವುದು, ಮನೆಯ ಮಾನ ಕಾಯುವುದು, ದುಂದು ಮಾಡದಿರುವುದು, ತಂದೆಯ ದುಡಿಮೆಗೆ ಹೆಗಲು ಕೊಡುವುದು ಇವೇ ಅವನ ಬಾಯಿ ಕಟ್ಟಿದವು. ಹೊಲಮನೆಯಲ್ಲಿ ದುಡಿಯುವ ಮಗ ಬೇಕೆಂದು ತಿಳಿದು ಓದು ಬಿಡಿಸುವುದು ಬೇರೆ ಮಾತು. ಸೋತದ್ದನ್ನು ಹೇಳಲಾರದೆ ಮಗ ದುಡಿಮೆಯ ಮರೆಗೆ ಬಂದು ನಿಲ್ಲುವುದು ಬೇರೆ ಮಾತು. ಎರಡನೆಯದರಿಂದ ಓದೂ ಹೋಗುತ್ತದೆ, ಬೇಸಾಯದಲ್ಲೂ ಮನಸ್ಸು ನಿಲ್ಲುವುದಿಲ್ಲ.

ಹಿಂದಿನವರು ಹೇಗೆ ಹೊಂದಿಕೊಂಡರು?

"ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ, ಆದರೂ ಓದಿದವರು ಓದಿದರು" ಎಂದು ಹಿರಿಯರು ಹೇಳುವುದುಂಟು. ಆ ಮಾತು ಅರ್ಧ ನಿಜ. ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಆರಂಭವಾದಾಗ ಹಳ್ಳಿಯಿಂದ ಬಂದು ಓದುವವರು ತೀರ ಕಡಿಮೆ. ಬಂದವರಿಗೆ ತಂಗಲು, ಉಣ್ಣಲು ನೆಲೆ ಇರುತ್ತಿರಲಿಲ್ಲ. ಬಡ ವಿದ್ಯಾರ್ಥಿಗಳು ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಣ್ಣುವ 'ವಾರಾನ್ನ'ದ ಪದ್ಧತಿ ಇತ್ತು. ಅದು ಎಲ್ಲ ಜಾತಿಯ ಮಕ್ಕಳಿಗೂ ದೊರೆಯುತ್ತಿರಲಿಲ್ಲ ಎಂಬುದನ್ನೂ ಮರೆಯಬಾರದು.

ಈ ಕೊರತೆಯನ್ನು ಕಂಡೇ ಸಮುದಾಯಗಳು ವಿದ್ಯಾರ್ಥಿನಿಲಯಗಳನ್ನು ಕಟ್ಟಿದವು. ಬೆಂಗಳೂರಿನಲ್ಲಿ 1906ರಲ್ಲಿ ಒಕ್ಕಲಿಗರ ಸಂಘ ಸ್ಥಾಪನೆಯಾಯಿತು. ಸುತ್ತೂರು ಮಠವು 1954ರಲ್ಲಿ ಜೆ.ಎಸ್.ಎಸ್. ಮಹಾವಿದ್ಯಾಪೀಠವನ್ನು ಸ್ಥಾಪಿಸುವ ಮೊದಲೇ ಮೈಸೂರಿನಲ್ಲಿ ಹಳ್ಳಿಯ ಮಕ್ಕಳಿಗೆ ಊಟ ವಸತಿ ಒದಗಿಸುತ್ತಿತ್ತು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಡಿ. ದೇವರಾಜ ಅರಸು ಅವರು 1972ರಲ್ಲಿ ಮುಖ್ಯಮಂತ್ರಿಯಾದರು. ಎಲ್.ಜಿ. ಹಾವನೂರ ಅವರ ಆಯೋಗ 1975ರಲ್ಲಿ ವರದಿ ಕೊಟ್ಟಿತು. ಆ ನಂತರ ಹಿಂದುಳಿದ ವರ್ಗಗಳ ಮಕ್ಕಳಿಗೆ ಸರ್ಕಾರಿ ವಿದ್ಯಾರ್ಥಿನಿಲಯ, ವಿದ್ಯಾರ್ಥಿವೇತನ, ಮೀಸಲು ಸ್ಥಾನಗಳ ಬಾಗಿಲು ಅಗಲವಾಗಿ ತೆರೆಯಿತು. ಅರಸು ಅವರು ಸ್ವತಃ ಪದವಿ ಮುಗಿಸಿ ಊರಿಗೆ ಹಿಂತಿರುಗಿ ಬೇಸಾಯ ಮಾಡಿದವರು. ಓದಿದವನು ನೆಲ ಮರೆಯಬೇಕೆಂಬ ನಿಯಮವೇನೂ ಇಲ್ಲ ಎಂಬುದಕ್ಕೆ ಈ ಭಾಗದವರಿಗೆ ಬೇರೆ ಉದಾಹರಣೆ ಬೇಕಿಲ್ಲ.

ಇನ್ನೊಂದು ನಿದರ್ಶನ ಎಲ್ಲರಿಗೂ ಗೊತ್ತಿರುವ ಕುವೆಂಪು ಅವರದು. ಮಲೆನಾಡಿನ ಕುಪ್ಪಳಿಯ ಬೇಸಾಯಗಾರ ಮನೆಯ ಹುಡುಗ ಮೈಸೂರಿಗೆ ಬಂದು ಹೈಸ್ಕೂಲು ಓದಿ, ಮಹಾರಾಜ ಕಾಲೇಜು ಸೇರಿದರು. ಇಂಗ್ಲಿಷಿನ ಪ್ರಭಾವ ಎಷ್ಟಿತ್ತೆಂದರೆ ಅವರ ಮೊದಲ ಕವಿತೆಗಳು ಇಂಗ್ಲಿಷಿನಲ್ಲಿದ್ದವು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರು ತಾಯಿನುಡಿಯಲ್ಲಿ ಬರೆಯುವಂತೆ ಹೇಳಿದ ಮಾತು ಅವರ ದಾರಿಯನ್ನು ತಿರುಗಿಸಿತು. ಮುಂದೆ ರಾಮಕೃಷ್ಣಾಶ್ರಮದ ಸ್ವಾಮಿ ಸಿದ್ಧೇಶ್ವರಾನಂದರು ಅವರನ್ನು ಆಶ್ರಮಕ್ಕೆ ಕರೆದು ಆಶ್ರಯ ಕೊಟ್ಟರು. ಅದೇ ಹಳ್ಳಿಯ ಹುಡುಗ 1956ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾದರು.

ಹಿಂದಿನವರು ಹೊಂದಿಕೊಂಡದ್ದು ಕೇವಲ ಛಲದಿಂದಲ್ಲ ಎಂಬುದನ್ನು ಇದರಿಂದ ತಿಳಿಯಬಹುದು. ಪರಸ್ಥಳದಲ್ಲಿ ಅವರಿಗೊಂದು ಮನೆಯಂಥ ನೆಲೆ ಸಿಕ್ಕಿತು, ಅವರನ್ನು ಗಮನಿಸಿ ಒಂದು ಮಾತು ಹೇಳುವ ಹಿರಿಯರು ಸಿಕ್ಕರು. ಇವೆರಡೂ ಸಿಗದವರು ಎಷ್ಟೋ ಮಂದಿ ಹಿಂತಿರುಗಿ ಹೋದರು. ಅವರ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ.

ಸಂಸ್ಕಾರದ ಎರಡು ಮುಖ

ನಮ್ಮ ಮನೆಗಳಲ್ಲಿ ಮಕ್ಕಳು ಕಲಿಯುವ ನಡತೆಗಳನ್ನು ಒಂದೊಂದಾಗಿ ನೋಡೋಣ. ಇವುಗಳಲ್ಲಿ ಯಾವುದೂ ಕೆಟ್ಟದ್ದಲ್ಲ. ಆದರೆ ಹದ ತಪ್ಪಿದರೆ ಒಳ್ಳೆಯ ಗೊಬ್ಬರವೂ ಬೆಳೆ ಸುಡುವಂತೆ, ಇವೂ ಕಾಲೇಜಿನಲ್ಲಿ ತೊಡಕಾಗಬಹುದು.

ಹಿರಿಯರ ಮೇಲಿನ ಗೌರವ: ನಮ್ಮ ಮಕ್ಕಳು ದೊಡ್ಡವರ ಮುಂದೆ ತಗ್ಗಿ ನಡೆಯುತ್ತಾರೆ. ಇದರಿಂದ ಗುರುಗಳ ಪ್ರೀತಿ ಸಂಪಾದಿಸುತ್ತಾರೆ, ತರಗತಿಯಲ್ಲಿ ಶಿಸ್ತಿನಿಂದ ಇರುತ್ತಾರೆ. ಆದರೆ ಗೌರವವೆಂದರೆ ಸುಮ್ಮನಿರುವುದು ಎಂದು ತಿಳಿದ ಮಗು ಅರ್ಥವಾಗದ್ದನ್ನು ಕೇಳುವುದಿಲ್ಲ. ಕಾಲೇಜಿನಲ್ಲಿ ಕೇಳದವನಿಗೆ ಅರ್ಥವಾಗಿದೆ ಎಂದೇ ಲೆಕ್ಕ. ವಿಸ್ತರಣಾ ಅಧಿಕಾರಿಗಳು ಊರಿಗೆ ಬಂದಾಗ ಸಭೆಯಲ್ಲಿ ಪ್ರಶ್ನೆ ಕೇಳುವ ರೈತರನ್ನು ಯಾರೂ ಅವಿಧೇಯರೆಂದು ತಿಳಿಯುವುದಿಲ್ಲ. ಕೇಳಿ ತಿಳಿದವರ ಗದ್ದೆಯೇ ಮೊದಲು ಸುಧಾರಿಸುತ್ತದೆ. ಈ ಮಾತನ್ನು ಮಕ್ಕಳಿಗೂ ಹೇಳಬೇಕು.

ಮನೆತನದ ಮಾನ: "ನಮ್ಮ ಮರ್ಯಾದೆ ಉಳಿಸಪ್ಪ" ಎಂದು ಹೇಳಿ ಕಳುಹಿಸುತ್ತೇವೆ. ಈ ಮಾತು ಮಗುವನ್ನು ದುಶ್ಚಟಗಳಿಂದ ದೂರವಿಡುತ್ತದೆ, ಬೆಳಗಿನ ಜಾವ ಎಬ್ಬಿಸಿ ಓದಿಸುತ್ತದೆ. ಆದರೆ ಒಂದು ವಿಷಯದಲ್ಲಿ ನಪಾಸಾದರೂ ಇಡೀ ಮನೆಯ ಮಾನ ಹೋಯಿತೆಂದು ಅದು ನಂಬಿದರೆ ಸೋಲನ್ನು ಮುಚ್ಚಿಡಲು ಕಲಿಯುತ್ತದೆ. ಮುಚ್ಚಿಟ್ಟ ಸೋಲು ರೋಗ ಹಿಡಿದ ಗಿಡದಂತೆ. ಮೊದಲೇ ಕಂಡರೆ ಮದ್ದುಂಟು.

ಮನೆಯ ದುಡಿಮೆಗೆ ಹೆಗಲು ಕೊಡುವುದು: ನಾಟಿ, ಕೊಯ್ಲುಗಳಲ್ಲಿ ಕೈಜೋಡಿಸಿ ಬೆಳೆದ ಮಕ್ಕಳಿಗೆ ಮೈಮುರಿದು ದುಡಿಯುವುದು ಗೊತ್ತು. ಕೃಷಿ ಪದವಿಯ ಪ್ರವೇಶದಲ್ಲಿ ಕೃಷಿಕರ ಮಕ್ಕಳಿಗೆ ಮೀಸಲು ಸ್ಥಾನಗಳಿದ್ದು, ಅದಕ್ಕಾಗಿ ಪ್ರಾಯೋಗಿಕ ಪರೀಕ್ಷೆ ನಡೆಸುವುದು ನಿಮಗೆ ತಿಳಿದಿರಬಹುದು. ಮನೆಯಲ್ಲಿ ಕಲಿತ ಬೇಸಾಯದ ಅರಿವಿಗೆ ವಿದ್ಯಾಲಯವೇ ಬೆಲೆ ಕೊಟ್ಟಂತೆ ಅದು. ಆದರೆ ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಮನೆಗಳನ್ನು ನೋಡಿ. ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿಗೆ ಏರಿಸಿ ರಾತ್ರಿಯೆಲ್ಲ ಉರಿ ನೋಡಿಕೊಳ್ಳುವ ದಿನಗಳು ಕಾಲೇಜಿನ ಪಾಠ ಮೊದಲಾಗುವ ದಿನಗಳೊಡನೆ ಬಂದು ಸೇರುತ್ತವೆ. "ಒಂದು ವಾರ ಬಂದು ಹೋಗು" ಎಂದು ಕರೆಸಿಕೊಂಡ ಮಗ ಎರಡು ವಾರ ಉಳಿಯುತ್ತಾನೆ. ಅಷ್ಟರಲ್ಲಿ ಪಾಠದ ದಾರಿ ತಪ್ಪುತ್ತದೆ, ಹಾಜರಾತಿಯೂ ಕಡಿಮೆಯಾಗುತ್ತದೆ.

ಮಿತವ್ಯಯ: ಶುಲ್ಕ ಕಟ್ಟುವ ಕಾಲ ಒಂದು, ಮಾರುಕಟ್ಟೆಯಿಂದ ಹಣ ಕೈಗೆ ಬರುವ ಕಾಲ ಇನ್ನೊಂದು. ನಡುವೆ ಸಾಲ. ಇದನ್ನು ಬಲ್ಲ ಮಗು ಒಂದು ಕಾಸನ್ನೂ ಹಾಳು ಮಾಡುವುದಿಲ್ಲ. ಆದರೆ ಬೇಕಾದ ಪುಸ್ತಕ ಕೊಳ್ಳದೆ, ಹಸಿದಾಗ ಉಣ್ಣದೆ, ಗೆಳೆಯರೊಡನೆ ಪ್ರವಾಸಕ್ಕೆ ಹೋಗದೆ ಒಂಟಿಯಾಗುವುದೂ ಇದೆ. ಮೊಬೈಲಿಗೆ ಹಣ ಹಾಕಿಸಿ ಪುಸ್ತಕಕ್ಕೆ ಇಲ್ಲವೆನ್ನುವ ಮಕ್ಕಳೂ ಇಲ್ಲದಿಲ್ಲ. ಆದುದರಿಂದ ಲೆಕ್ಕ ಕೇಳುವುದು ತಪ್ಪಲ್ಲ. ಯಾವುದಕ್ಕೆ ಖರ್ಚು ಮಾಡಬೇಕು ಎಂಬುದನ್ನೂ ಹೇಳಿ ಕೊಡಬೇಕು.

ಜಾತಿ, ಆಚಾರ: ಇದನ್ನು ಬಿಚ್ಚಿ ಹೇಳುವುದು ಅವಶ್ಯ. ಊರಿನಲ್ಲಿ ಬೇರೆ ಬೇರೆ ಬೀದಿಗಳಲ್ಲಿ ಬೆಳೆದ ಮಕ್ಕಳು ಹಾಸ್ಟೆಲ್ಲಿನಲ್ಲಿ ಒಂದೇ ಕೋಣೆಯಲ್ಲಿ ಮಲಗಿ, ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ. ಹಬ್ಬ, ಹರಕೆ, ಊಟದ ನೇಮಗಳನ್ನು ಮಗು ಪಾಲಿಸಿಕೊಂಡು ಬರಲಿ, ತೊಂದರೆಯಿಲ್ಲ. ಆದರೆ "ಅವರ ಜೊತೆ ಸೇರಬೇಡ" ಎಂದು ಮನೆಯಿಂದ ಹೇಳಿ ಕಳುಹಿಸಿದರೆ ಮಗುವಿನ ಕಾಲಿಗೆ ಹಗ್ಗ ಕಟ್ಟಿ ಕಳುಹಿಸಿದಂತೆ. ಕೀಳುನೋಟಕ್ಕೆ ಗುರಿಯಾದ ಮಗುವಿನ ಪಾಡಂತೂ ಇನ್ನೂ ಕಠಿಣ. ಹೆಗ್ಗಡದೇವನಕೋಟೆ ಕಡೆಯ ಜೇನುಕುರುಬ, ಬೆಟ್ಟಕುರುಬ ಹಾಡಿಗಳಿಂದ ಬರುವ ಮಕ್ಕಳಿಗೆ ಇಂಗ್ಲಿಷಿಗೆ ಮುಂಚೆ ಪಠ್ಯಪುಸ್ತಕದ ಕನ್ನಡವೇ ಎರಡನೆಯ ಭಾಷೆ. ಅಂಥ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದುವುದನ್ನು ನಿಮ್ಮ ಮಗು ಕಲಿತರೆ ಅದೂ ಒಂದು ವಿದ್ಯೆಯೇ.

ಹೊರಗಿನವರು ಕಂಡುಕೊಂಡದ್ದು

ಈ ಪ್ರಶ್ನೆ ನಮ್ಮದು ಮಾತ್ರವಲ್ಲ. ಅಮೆರಿಕದಲ್ಲಿ ವಿನ್ಸೆಂಟ್ ಟಿಂಟೊ ಎಂಬ ವಿದ್ವಾಂಸರು 1975ರಲ್ಲಿ ವಿದ್ಯಾರ್ಥಿಗಳು ಕಾಲೇಜು ಏಕೆ ಬಿಡುತ್ತಾರೆ ಎಂಬುದನ್ನು ವಿವರಿಸಿ ಬರೆದರು. ಕಾಲೇಜಿನ ಬದುಕಿನಲ್ಲಿ ಬೆರೆಯದವರು ಬಿಟ್ಟು ಹೋಗುತ್ತಾರೆ, ಬೆರೆಯಬೇಕಾದರೆ ಹಳೆಯ ಬಳಗದಿಂದ ಸ್ವಲ್ಪ ದೂರವಾಗಬೇಕಾಗುತ್ತದೆ ಎಂಬುದು ಅವರ ವಿಚಾರದ ಒಂದು ಭಾಗ. ಮುಂದೆ ಅನೇಕರು ಇದನ್ನು ಒಪ್ಪಲಿಲ್ಲ. ಮನೆ, ಕುಲಬಾಂಧವರ ನಂಟೇ ಆಸರೆಯಾಗಿರುವ ಮಕ್ಕಳಿಗೆ ಆ ನಂಟನ್ನು ಕಡಿಯುವುದೇ ಅಪಾಯ ಎಂದರು.

2012ರಲ್ಲಿ ನಿಕೋಲ್ ಸ್ಟೀಫನ್ಸ್ ಮತ್ತು ಅವರ ಸಂಗಡಿಗರು ಅಲ್ಲಿಯೇ ನಡೆಸಿದ ಒಂದು ಪ್ರಯೋಗವನ್ನು ಪ್ರಕಟಿಸಿದರು. ಹೊಸದಾಗಿ ಸೇರಿದ ವಿದ್ಯಾರ್ಥಿಗಳಿಗೆ ಎರಡು ಬಗೆಯ ಸ್ವಾಗತ ಪತ್ರ ಓದಲು ಕೊಟ್ಟರು. ಒಂದರಲ್ಲಿ 'ನಿನ್ನ ದಾರಿಯನ್ನು ನೀನೇ ಕಂಡುಕೋ' ಎಂಬ ಧಾಟಿ. ಇನ್ನೊಂದರಲ್ಲಿ 'ಇದು ಒಂದು ಬಳಗ, ಒಬ್ಬರೊಡನೊಬ್ಬರು ಕೂಡಿ ಕಲಿಯೋಣ' ಎಂಬ ಧಾಟಿ. ಆಮೇಲೆ ಬುದ್ಧಿಗೆ ಕೆಲಸ ಕೊಡುವ ಒಂದು ಪರೀಕ್ಷೆ ಮಾಡಿದರು. ಮೊದಲ ಪತ್ರ ಓದಿದವರಲ್ಲಿ, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಕಂಡ ಮಕ್ಕಳು ಓದಿದ ತಂದೆತಾಯಿಗಳ ಮಕ್ಕಳಿಗಿಂತ ಹಿಂದೆ ಬಿದ್ದರು. ಎರಡನೆಯ ಪತ್ರ ಓದಿದವರಲ್ಲಿ ಆ ಅಂತರ ಕಾಣಲಿಲ್ಲ. ಮಕ್ಕಳ ಬುದ್ಧಿಯಲ್ಲಿ ಕೊರತೆ ಇರಲಿಲ್ಲ. ಅವರು ಬೆಳೆದ ರೀತಿಗೂ ಕಾಲೇಜು ಮಾತನಾಡುವ ರೀತಿಗೂ ಹೊಂದಾಣಿಕೆ ಇರಲಿಲ್ಲ, ಅಷ್ಟೆ.

ಮುಯ್ಯಾಳು ಪದ್ಧತಿಯಲ್ಲಿ ಬೆಳೆದ ನಮಗೆ ಇದು ಬೇಗ ಅರ್ಥವಾಗುತ್ತದೆ. ಇಂದು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು ಎಂದು ಬದುಕಿದ ಮನೆಯ ಮಗುವಿಗೆ ಒಬ್ಬನೇ ಕುಳಿತು ಗೆಲ್ಲುವುದಕ್ಕಿಂತ ನಾಲ್ವರು ಕೂಡಿ ಓದುವುದು ಸಹಜವಾಗಿ ಬರುತ್ತದೆ. ಆ ಗುಣವನ್ನು ಪಟ್ಟಣಕ್ಕೆ ಹೋಗುವಾಗ ಮನೆಯಲ್ಲಿ ಬಿಟ್ಟು ಹೋಗಬೇಕಾಗಿಲ್ಲ, ಜೊತೆಯಲ್ಲಿ ತೆಗೆದುಕೊಂಡು ಹೋಗಬೇಕು.

ಹೆಣ್ಣುಮಕ್ಕಳ ವಿಷಯ

ರಾಜ್ಯದಲ್ಲಿ 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟಿನ ಖರ್ಚಿಲ್ಲ. ಇದರಿಂದ ಊರಿನಿಂದಲೇ ಓಡಾಡಿಕೊಂಡು ಓದಲು ಅನುಕೂಲವಾಗಿದೆ. ಆದರೆ ಓಡಾಡಿ ಓದುವ ಹುಡುಗಿಗೆ ಎರಡು ಪಾಳಿ. ಬೆಳಗ್ಗೆ ಅವ್ವನ ಜೊತೆ ಅಡಿಗೆ, ಪಾತ್ರೆ, ನೀರು. ನಂತರ ಬಸ್ಸು, ಕಾಲೇಜು. ಸಂಜೆ ಮತ್ತೆ ಮನೆಗೆಲಸ. ಓದುವುದಕ್ಕೆ ಉಳಿಯುವುದು ನಿದ್ದೆಯ ಹೊತ್ತು ಮಾತ್ರ.

ಅವಳಿಗಿರುವ ಇನ್ನೊಂದು ಭಯ, ಸಣ್ಣ ತಪ್ಪಿಗೂ ಓದು ನಿಂತುಹೋಗುತ್ತದೆ ಎಂಬುದು. ಬಸ್ಸು ತಪ್ಪಿ ತಡವಾದರೂ, ಜೊತೆಯ ಹುಡುಗ ನೋಟ್ಸಿಗಾಗಿ ಫೋನು ಮಾಡಿದರೂ, "ಸಾಕು ಓದಿದ್ದು, ಗಂಡು ನೋಡೋಣ" ಎಂಬ ಮಾತು ಬರುತ್ತದೆ. ಹೀಗಾಗಿ ದಾರಿಯಲ್ಲಿ ಯಾರಾದರೂ ಪೀಡಿಸಿದರೂ ಅವಳು ಮನೆಯಲ್ಲಿ ಹೇಳುವುದಿಲ್ಲ. ಹೇಳಿದರೆ ಶಿಕ್ಷೆ ತನಗೇ ಎಂದು ಅವಳಿಗೆ ಗೊತ್ತು. ಮಗಳ ರಕ್ಷಣೆ ನಿಮ್ಮ ಆಸೆಯಾದರೆ ಅವಳು ಹೇಳಿಕೊಳ್ಳುವಂತೆ ನಡೆದುಕೊಳ್ಳಿ. "ಏನಾದರೂ ಆದರೆ ಮೊದಲು ನನಗೆ ಹೇಳವ್ವ, ಓದು ಮಾತ್ರ ಬಿಡಿಸುವುದಿಲ್ಲ" ಎಂದು ತಂದೆ ಒಮ್ಮೆ ಬಾಯಿಬಿಟ್ಟು ಹೇಳಿದರೆ ಅದೇ ದೊಡ್ಡ ಕಾವಲು.

ಮನೆಯವರು ಮಾಡಬೇಕಾದುದೇನು?

1. ಕಳುಹಿಸುವ ಮುಂಚೆ ಗಟ್ಟಿ ಮಾಡಿ. ಹೊಗೆಸೊಪ್ಪಿನ ಸಸಿಯನ್ನು ಮಡಿಯಿಂದ ಕೀಳುವ ಮುಂಚೆ ನೀರು ಕಡಿಮೆ ಮಾಡಿ ಗಟ್ಟಿಗೊಳಿಸುತ್ತೀರಿ. ಹಾಗೆಯೇ ಪಿ.ಯು.ಸಿ. ಮುಗಿದ ರಜೆಯಲ್ಲಿ ಮಗುವನ್ನು ಒಬ್ಬರೇ ಬ್ಯಾಂಕಿಗೆ, ತಾಲ್ಲೂಕು ಕಚೇರಿಗೆ ಕಳುಹಿಸಿ. ಅರ್ಜಿ ತುಂಬಲು, ಬಟ್ಟೆ ಒಗೆಯಲು, ತಿಂಗಳ ಲೆಕ್ಕ ಬರೆಯಲು ಕಲಿಸಿ. ಗಂಡುಮಕ್ಕಳಿಗೂ ಅಡಿಗೆ ಕಲಿಸಿ.

2. ಮೊದಲ ಸೆಮಿಸ್ಟರಿನ ಅಂಕಗಳನ್ನು ಕಂಡು ಕೈಚೆಲ್ಲಬೇಡಿ. ಒಂದೆರಡು ವಿಷಯ ಉಳಿದರೆ ಮತ್ತೆ ಬರೆದು ಪಾಸು ಮಾಡಲು ಅವಕಾಶವಿರುತ್ತದೆ. ಈ ಮಾತನ್ನು ಫಲಿತಾಂಶ ಬಂದ ಮೇಲೆ ಅಲ್ಲ, ಕಾಲೇಜಿಗೆ ಸೇರಿಸುವ ದಿನವೇ ಹೇಳಿ.

3. ಫೋನಿನಲ್ಲಿ ಕೇಳುವ ಪ್ರಶ್ನೆ ಬದಲಾಯಿಸಿ. "ಚೆನ್ನಾಗಿದ್ದೀಯಾ" ಎಂದರೆ "ಹೂಂ" ಎಂಬ ಉತ್ತರವೇ ಬರುತ್ತದೆ. "ಈ ವಾರ ಯಾವ ಪಾಠ ಕಷ್ಟ ಆಯ್ತು? ಯಾರನ್ನು ಕೇಳಿದೆ? ಯಾರ ಜೊತೆ ಊಟ ಮಾಡಿದೆ?" ಎಂದು ಕೇಳಿ. ಪಾಠದ ವಿಷಯ ನಿಮಗೆ ತಿಳಿಯದಿದ್ದರೂ ಚಿಂತೆಯಿಲ್ಲ. ಅವನು ಹೇಳಲಿ, ನೀವು ಕೇಳಿಸಿಕೊಳ್ಳಿ.

4. ಇಂಗ್ಲಿಷಿಗೆ ಹೆದರದಂತೆ ಧೈರ್ಯ ಹೇಳಿ. ಕಲಾ ವಿಭಾಗದಲ್ಲಿ ಕನ್ನಡದಲ್ಲಿ ಓದಿ ಬರೆಯುವ ಅವಕಾಶ ಹಲವೆಡೆ ಇದೆ. ವಿಜ್ಞಾನ, ಕೃಷಿ, ಎಂಜಿನಿಯರಿಂಗ್ ಮೊದಲಾದವು ಬಹುಮಟ್ಟಿಗೆ ಇಂಗ್ಲಿಷಿನಲ್ಲಿವೆ. ಪ್ರತಿದಿನ ಹತ್ತು ಹೊಸ ಪದಗಳನ್ನು ಕನ್ನಡದ ಅರ್ಥದೊಡನೆ ಒಂದು ನೋಟು ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ ಒಂದು ವರ್ಷದಲ್ಲಿ ಭಯ ಹೋಗುತ್ತದೆ.

5. ಪಟ್ಟಣದಲ್ಲಿ ಒಬ್ಬ ಹಿರಿಯರನ್ನು ಗೊತ್ತುಮಾಡಿ. ನೆಂಟರಿರಬಹುದು, ಊರಿನವರಿರಬಹುದು, ಅದೇ ಕಾಲೇಜಿನಲ್ಲಿ ಮುಂದಿನ ತರಗತಿಯ ವಿದ್ಯಾರ್ಥಿ ಇರಬಹುದು. ತಿಂಗಳಿಗೊಮ್ಮೆ ಅವರನ್ನು ಕಾಣುವಂತೆ ಮಗುವಿಗೆ ಹೇಳಿ. ನೀವೂ ವರ್ಷಕ್ಕೆ ಎರಡು ಸಲ ಕಾಲೇಜಿಗೆ ಹೋಗಿ ಅಧ್ಯಾಪಕರನ್ನು ಕಂಡು ಬನ್ನಿ. ಪಂಚೆ ಉಟ್ಟು ಹೋಗಲು ಸಂಕೋಚ ಬೇಡ.

6. ಬೇಸಾಯದ ಕೆಲಸಕ್ಕೆ ಕರೆಯುವ ಮುಂಚೆ ಪರೀಕ್ಷೆಯ ದಿನಗಳನ್ನು ಕೇಳಿ ತಿಳಿಯಿರಿ. ಗೋಡೆಯ ಕ್ಯಾಲೆಂಡರಿನಲ್ಲಿ ನಾಟಿಯ ದಿನ ಗುರುತು ಹಾಕುವಂತೆ ಪರೀಕ್ಷೆಯ ದಿನಗಳನ್ನೂ ಗುರುತು ಹಾಕಿ. ಭಾನುವಾರ ಬಂದು ಕೈಜೋಡಿಸಲಿ, ಸೋಮವಾರ ಬೆಳಗಿನ ಬಸ್ಸಿಗೆ ನೀವೇ ಹತ್ತಿಸಿ.

7. ಸರ್ಕಾರದ ನೆರವನ್ನು ಬಳಸಿಕೊಳ್ಳಿ. ಹಿಂದುಳಿದ ವರ್ಗ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಅಲ್ಪಸಂಖ್ಯಾತರ ಇಲಾಖೆಗಳ ವಿದ್ಯಾರ್ಥಿನಿಲಯಗಳಿವೆ. ಹಾಸ್ಟೆಲ್ಲಿನಲ್ಲಿ ಸ್ಥಳ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗಾಗಿ ಊಟ ವಸತಿಗೆ ಹತ್ತು ತಿಂಗಳು ನೆರವು ಕೊಡುವ ವಿದ್ಯಾಸಿರಿ ಯೋಜನೆ 2013-14ರಲ್ಲಿ ಆರಂಭವಾಯಿತು. ರೈತರ ಮಕ್ಕಳಿಗಾಗಿ 2021ರಲ್ಲಿ ರೈತ ವಿದ್ಯಾನಿಧಿ ಆರಂಭವಾಯಿತು. ಈ ವರ್ಷದ ನಿಯಮ, ಮೊತ್ತ, ಕೊನೆಯ ದಿನಾಂಕಗಳನ್ನು ಕಾಲೇಜಿನ ಕಚೇರಿಯಲ್ಲಿ ಕೇಳಿ. ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗಳನ್ನು ಮೊದಲೇ ಸಿದ್ಧಪಡಿಸಿಟ್ಟುಕೊಳ್ಳಿ.

8. ರ‍್ಯಾಗಿಂಗ್ ಹೆಸರಿನಲ್ಲಿ ಯಾರಾದರೂ ಹಿಂಸಿಸಿದರೆ ಸಹಿಸಿಕೋ ಎಂದು ಹೇಳಬೇಡಿ. 1983ರ ಕರ್ನಾಟಕ ಶಿಕ್ಷಣ ಕಾಯಿದೆಯ ಪ್ರಕಾರ ಅದು ಅಪರಾಧ. 2009ರಿಂದ ಎಲ್ಲ ಕಾಲೇಜುಗಳಿಗೂ ಇದರ ಬಗ್ಗೆ ಕಟ್ಟುನಿಟ್ಟಿನ ನಿಯಮಗಳಿವೆ. 1800-180-5522 ಎಂಬ ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ದೂರು ಕೊಡಬಹುದು.

9. ಅಪಾಯದ ಗುರುತುಗಳನ್ನು ಬಲ್ಲವರಾಗಿ. ಮಗು ಫೋನು ಎತ್ತುವುದನ್ನು ನಿಲ್ಲಿಸಿದರೆ, ಊಟ ನಿದ್ದೆ ಕೆಟ್ಟರೆ, ಹಬ್ಬಕ್ಕೂ ಮನೆಗೆ ಬರಲು ಒಲ್ಲೆನೆಂದರೆ, ಬಂದವನು ಹಿಂತಿರುಗಲು ಒಲ್ಲೆನೆಂದರೆ, 'ನಾನಿದ್ದೇನು ಪ್ರಯೋಜನ' ಎಂಬ ಮಾತು ಬಂದರೆ ತಡಮಾಡದೆ ನೀವೇ ಹೋಗಿ ಪಕ್ಕದಲ್ಲಿ ಕುಳಿತು ಮಾತನಾಡಿ, ವೈದ್ಯರಿಗೆ ತೋರಿಸಿ. ಬೈಯಬೇಡಿ, ಹರಕೆ ಹೊತ್ತು ಸುಮ್ಮನಾಗಲೂ ಬೇಡಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲಿಯೇ ಮಾತನಾಡಬಹುದು.

ನಿಮ್ಮ ಊರಿಗೆ ಬರುವ ವಿದ್ಯಾರ್ಥಿಗಳು

ಕೃಷಿ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿಗಳು ಗ್ರಾಮೀಣ ಕೃಷಿ ಕಾರ್ಯಾನುಭವ ಶಿಬಿರಕ್ಕಾಗಿ ಹಳ್ಳಿಗಳಿಗೆ ಬಂದು ಕೆಲವು ತಿಂಗಳು ತಂಗುವುದನ್ನು ನೀವು ನೋಡಿರಬಹುದು. ಅವರಲ್ಲಿ ಕೆಲವರು ಪಟ್ಟಣದಲ್ಲಿಯೇ ಹುಟ್ಟಿ ಬೆಳೆದವರು. ಮೊದಲ ದಿನ ಗದ್ದೆಯ ಬದುವಿನ ಮೇಲೆ ನಡೆಯಲು ತಡವರಿಸುತ್ತಾರೆ, ಊರಿನ ಮಾತು ಅರ್ಥವಾಗದೆ ನಗುತ್ತಾರೆ. ನೀವು ಅವರನ್ನು ಹೀಯಾಳಿಸುವುದಿಲ್ಲ. ಕೂರಿಸಿ ಮಜ್ಜಿಗೆ ಕೊಡುತ್ತೀರಿ, ಕೈಹಿಡಿದು ನಾಟಿ ಕಲಿಸುತ್ತೀರಿ. ಶಿಬಿರ ಮುಗಿಯುವ ಹೊತ್ತಿಗೆ ಅವರು ನಿಮ್ಮ ಮನೆಯವರಂತಾಗುತ್ತಾರೆ.

ಪರಸ್ಥಳಕ್ಕೆ ಹೋದ ನಿಮ್ಮ ಮಗುವಿಗೂ ಬೇಕಾಗಿರುವುದು ಇಷ್ಟೇ. ಶಿಬಿರದ ವಿದ್ಯಾರ್ಥಿಗಳು ಊರಿಗೆ ಬಂದಾಗ ಬೆಳೆಯ ವಿಷಯ ಕೇಳುವುದರ ಜೊತೆಗೆ, "ನಿಮಗೆ ಮೊದಲ ವರ್ಷ ಹೇಗಿತ್ತಪ್ಪ?" ಎಂದು ಒಂದು ಸಂಜೆ ಅರಳಿಕಟ್ಟೆಯ ಮೇಲೆ ಕೇಳಿ. ಹೈಸ್ಕೂಲು, ಪಿ.ಯು.ಸಿ. ಓದುತ್ತಿರುವ ಊರಿನ ಮಕ್ಕಳನ್ನೂ ಕೂರಿಸಿಕೊಳ್ಳಿ. ಅಳುತ್ತಾ ಕಳೆದ ರಾತ್ರಿಗಳ ಕಥೆಯನ್ನು, ಆಮೇಲೆ ಗೆದ್ದ ಕಥೆಯನ್ನು ಅವರ ಬಾಯಿಂದಲೇ ಕೇಳಿದರೆ ನಿಮ್ಮ ಮಕ್ಕಳ ಅರ್ಧ ಭಯ ಅಲ್ಲೇ ಹೋಗುತ್ತದೆ.

ಕೊನೆಯ ಮಾತು

ಮೊದಲು ಹೇಳಿದ ಆ ಹುಡುಗನ ಮನೆಗೆ ಮತ್ತೆ ಬರೋಣ. ಕೊಯ್ಲಿಗೆ ಬಂದ ಮಗ ಹಿಂತಿರುಗಲು ಒಲ್ಲೆನೆಂದಾಗ ತಂದೆ ಹೊಗಳಿಕೆಗೆ ಹಿಗ್ಗದೆ, ಕಣದ ಪಕ್ಕದಲ್ಲಿ ಕೂರಿಸಿಕೊಂಡು ಹೀಗೆ ಕೇಳಿದರೆಂದು ಭಾವಿಸಿ: "ಆಳಿನ ಮಾತು ಹಾಗಿರಲಿ ಮಗಾ, ಅದನ್ನು ನಾನು ನೋಡ್ಕೋತೀನಿ. ಅಲ್ಲಿ ಏನು ಕಷ್ಟ ಆಯ್ತು, ಅದನ್ನು ಹೇಳು." ಮಗ ಮೊದಲು ಸುಮ್ಮನಿರುತ್ತಾನೆ. ನಂತರ ಒಂದೊಂದಾಗಿ ಹೇಳುತ್ತಾನೆ. ಎರಡು ವಿಷಯ ಹೋದದ್ದು ತಿಳಿಯುತ್ತದೆ. ಮನೆಯ ಮಾನ ಎಲ್ಲೂ ಹೋಗಿರುವುದಿಲ್ಲ. ಸೋಮವಾರ ಬೆಳಗಿನ ಬಸ್ಸಿಗೆ ಅಪ್ಪ ಮಗ ಇಬ್ಬರೂ ಹತ್ತುತ್ತಾರೆ. ಅಧ್ಯಾಪಕರನ್ನು ಕಾಣುತ್ತಾರೆ. ಅಲ್ಲಿಂದ ಮುಂದೆ ಓದು ಸುಲಭವಾಗುತ್ತದೆಂದು ಯಾರೂ ಹೇಳಲಾರರು. ಆದರೆ ಬೇರು ಹಿಡಿಯಲು ಬೇಕಾದ ನೀರು ಸಿಕ್ಕಿತೆಂದು ಹೇಳಬಹುದು.

ನಿಮ್ಮ ಸಂಸ್ಕಾರವನ್ನು ಬಿಡಿ ಎಂದು ಈ ಲೇಖನ ಹೇಳುತ್ತಿಲ್ಲ. ಅದರ ಜೊತೆಗೆ ಮೂರು ಅಪ್ಪಣೆಗಳನ್ನೂ ಕೊಟ್ಟು ಕಳುಹಿಸಿ ಎಂದಷ್ಟೇ ಹೇಳುತ್ತಿದೆ. ತಿಳಿಯದಿದ್ದರೆ ಕೇಳಲು ಅಪ್ಪಣೆ, ಒಮ್ಮೆ ಸೋತರೆ ಮನೆಗೆ ಹೇಳಲು ಅಪ್ಪಣೆ, ಎಲ್ಲರೊಡನೆ ಬೆರೆಯಲು ಅಪ್ಪಣೆ. ದೇಶ ಸುತ್ತು, ಕೋಶ ಓದು ಎಂದರು ಹಿರಿಯರು. ಸುತ್ತಿ ಬಂದವನಿಗೆ, ಓದಿ ದಣಿದವನಿಗೆ ಬಾಗಿಲು ತೆರೆದ ಮನೆಯೊಂದು ಊರಿನಲ್ಲಿದ್ದರೆ ಅವನು ಎಲ್ಲಿ ನಾಟಿಯಾದರೂ ಬೇರು ಹಿಡಿಯುತ್ತಾನೆ. ಈ ವರ್ಷ ನಿಮ್ಮ ಮನೆಯಿಂದ ಕಾಲೇಜಿಗೆ ಹೋದ ಮಗುವಿಗೆ ಈ ಭಾನುವಾರವೇ ಫೋನು ಮಾಡಿ, "ಯಾವ ಪಾಠ ಕಷ್ಟ ಆಯ್ತು?" ಎಂದು ಕೇಳಿ ನೋಡಿ.